ಎರಡನೇ ಸಲ ಓಡಿಸಿದರೂ ಕೆಡದ ಸ್ಕ್ರಿಪ್ಟು: ವೆಬ್‌ಸೈಟಿನ ಡೇಟಾ ಸಾಗಿಸುವ ಬಗೆ

ಒಂದು ವೆಬ್‌ಸೈಟಿನಲ್ಲಿ ಹತ್ತು ವರ್ಷಗಳಿಂದ ಬರೆದ ಮೂರು ಸಾವಿರ ಲೇಖನಗಳಿವೆ, ಓದುಗರ ಪ್ರತಿಕ್ರಿಯೆಗಳಿವೆ, ಚಿತ್ರಗಳಿವೆ ಎಂದುಕೊಳ್ಳಿ. ಅಷ್ಟನ್ನೂ ಹೊಸ ಸೈಟಿಗೆ ಸಾಗಿಸಬೇಕು. ಒಂದೊಂದಾಗಿ ಕಾಪಿ ಮಾಡಿ ಅಂಟಿಸುತ್ತ ಕೂತರೆ ತಿಂಗಳುಗಳೇ ಹಿಡಿಯುತ್ತವೆ, ನಡುವೆ ಎಷ್ಟು ಬಿಟ್ಟುಹೋದವು ಎಂದು ಹೇಳುವುದಕ್ಕೂ ಆಗುವುದಿಲ್ಲ. ಹೆಚ್ಚಿನ ಸೈಟುಗಳಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಬಟನ್ ಇರುತ್ತದೆ, ನಿಜ. ಆದರೆ ಅದು ಏನನ್ನು ಕೊಡಬೇಕು, ಏನನ್ನು ಬಿಡಬೇಕು ಎಂದು ಮೊದಲೇ ಯಾರೋ ತೀರ್ಮಾನಿಸಿಟ್ಟಿರುತ್ತಾರೆ. ವೆಬ್‌ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದ ಎಕ್ಸ್‌ಪೋರ್ಟ್ ಫೈಲನ್ನೇ ತೆಗೆದುಕೊಳ್ಳಿ. ಲೇಖನ, ಪುಟ, ಪ್ರತಿಕ್ರಿಯೆ, ವರ್ಗ ಎಲ್ಲವೂ ಅದರಲ್ಲಿ ಬರುತ್ತವೆ. ಚಿತ್ರಗಳ ವಿಳಾಸವೂ ಬರುತ್ತದೆ, ಚಿತ್ರಗಳು ಮಾತ್ರ ಬರುವುದಿಲ್ಲ. ಆ ಫೈಲನ್ನು ಭದ್ರವಾಗಿಟ್ಟುಕೊಂಡೆವಲ್ಲ ಎಂಬ ಧೈರ್ಯದಲ್ಲಿ ಹಳೆಯ ಸರ್ವರನ್ನು ಮುಚ್ಚಿದರೆ ಚಿತ್ರಗಳೆಲ್ಲ ಅದರ ಜೊತೆಗೇ ಹೋದವು. ಪ್ಲಗಿನ್‌ಗಳು, ಅಂದರೆ ಸೈಟಿಗೆ ಹೆಚ್ಚುವರಿಯಾಗಿ ಜೋಡಿಸಿಕೊಂಡ ತಂತ್ರಾಂಶಗಳು, ತಮ್ಮದೇ ಟೇಬಲ್‌ಗಳಲ್ಲಿ ಇಟ್ಟುಕೊಂಡ ಮಾಹಿತಿಯೂ ಆ ಫೈಲಿಗೆ ಸೇರುವುದಿಲ್ಲ.

ಇಂಥ ಕಡೆ ನೆರವಿಗೆ ಬರುವುದು ನಾವೇ ಬರೆದುಕೊಳ್ಳುವ ಪುಟ್ಟ ಸ್ಕ್ರಿಪ್ಟು. ಐವತ್ತರಿಂದ ಇನ್ನೂರು ಸಾಲಿನ ಒಂದು ಪ್ರೋಗ್ರಾಂ, ಅಷ್ಟೇ. ಪೈಥಾನ್ ಎಂಬ ಭಾಷೆಯಲ್ಲಾದರೆ ಸಿಎಸ್‌ವಿ, ಜೇಸನ್, ಎಕ್ಸ್‌ಎಂಎಲ್ ಎಂಬ ರೂಪಗಳ ಫೈಲುಗಳನ್ನು ಓದಿ ಬರೆಯುವುದಕ್ಕೂ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುವುದಕ್ಕೂ ಬೇಕಾದದ್ದೆಲ್ಲ ಭಾಷೆಯ ಜೊತೆಗೇ ಬರುತ್ತದೆ, ಹೊರಗಿನಿಂದ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಪಿಎಚ್‌ಪಿ ಅಥವಾ ಜಾವಾಸ್ಕ್ರಿಪ್ಟ್ ಗೊತ್ತಿದ್ದವರು ಅದರಲ್ಲೇ ಬರೆಯಬಹುದು. ಯಾವ ಭಾಷೆ ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಸ್ಕ್ರಿಪ್ಟು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಎರಡನೇ ಸಲ ಓಡಿಸಿದರೆ ಏನಾಗುತ್ತದೆ? ಮೂರು ಸಾವಿರ ಲೇಖನ ಆರು ಸಾವಿರ ಆಗುತ್ತದೆ ಎಂಬ ಉತ್ತರ ಬಂದರೆ ಅದನ್ನು ನಿಜವಾದ ಸೈಟಿನ ಮೇಲೆ ಓಡಿಸುವ ಕಾಲ ಇನ್ನೂ ಬಂದಿಲ್ಲ. ಈ ಪ್ರಶ್ನೆ ಯಾಕೆ ಅಷ್ಟು ದೊಡ್ಡದು ಎಂಬುದು ಕೆಲಸದ ಹಂತಗಳನ್ನು ನೋಡುತ್ತ ಹೋದರೆ ತಿಳಿಯುತ್ತದೆ.

ತೆಗೆ, ತಿದ್ದು, ತುಂಬು

ಕೆಲಸ ಮೂರು ಬಗೆಯದು. ಹಳೆಯ ಸೈಟಿನಿಂದ ಡೇಟಾ ತೆಗೆಯುವುದು, ಹೊಸ ಸೈಟಿಗೆ ಒಪ್ಪುವಂತೆ ಅದನ್ನು ತಿದ್ದುವುದು, ಅಲ್ಲಿಗೆ ತುಂಬುವುದು. ಮೂರನ್ನೂ ಒಂದೇ ಪ್ರೋಗ್ರಾಂನಲ್ಲಿ ಬರೆಯಬೇಕು ಅನ್ನಿಸುತ್ತದೆ: ಒಂದು ಲೇಖನ ಓದು, ತಿದ್ದು, ಆಚೆ ಬರೆ, ಮುಂದಿನದಕ್ಕೆ ಹೋಗು. ದಯವಿಟ್ಟು ಹಾಗೆ ಮಾಡಬೇಡಿ. ಮೂರು ಬೇರೆ ಬೇರೆ ಸ್ಕ್ರಿಪ್ಟು ಬರೆದು, ಒಂದರ ಫಲಿತಾಂಶ ಫೈಲಾಗಿ ಇನ್ನೊಂದಕ್ಕೆ ಸಿಗುವಂತೆ ಇಡಿ. ತೆಗೆಯುವ ಕೆಲಸಕ್ಕೆ ನೆಟ್‌ವರ್ಕ್ ಬೇಕು, ಗಂಟೆಗಟ್ಟಲೆ ಹಿಡಿಯಬಹುದು. ತಿದ್ದುವ ಕೆಲಸದಲ್ಲಿ ಪ್ರತಿ ಸಲವೂ ಹೊಸ ತೊಡಕು ಕಾಣುವುದರಿಂದ ಅದನ್ನು ಹತ್ತಾರು ಬಾರಿ ಓಡಿಸಬೇಕಾಗುತ್ತದೆ. ಎರಡೂ ಬೆಸೆದುಕೊಂಡಿದ್ದರೆ ಒಂದು ದಿನಾಂಕದ ರೂಪ ಸರಿಮಾಡುವುದಕ್ಕೂ ಮೂರು ಸಾವಿರ ಲೇಖನಗಳನ್ನು ಮತ್ತೆ ಸರ್ವರಿನಿಂದ ಎಳೆಯಬೇಕು. ಬೇರೆ ಮಾಡಿಟ್ಟರೆ ತೆಗೆದ ಫೈಲು ಹಾಗೇ ಇರುತ್ತದೆ, ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಮುಂದೆ ಎಲ್ಲಿ ಏನು ಕೆಟ್ಟರೂ ಅಲ್ಲಿಂದ ಮತ್ತೆ ಶುರು ಮಾಡಬಹುದು.

ತೆಗೆಯುವುದಕ್ಕೆ ದಾರಿಗಳು ಮೂರು. ಡೇಟಾಬೇಸಿಗೇ ಪ್ರವೇಶ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಸೈಟಿನ ಎಪಿಐ, ಅಂದರೆ ಪ್ರೋಗ್ರಾಂಗಳು ಸೈಟಿನಿಂದ ಡೇಟಾ ಕೇಳಿ ಪಡೆಯುವ ದಾರಿ. ಅದೂ ಇಲ್ಲದಿದ್ದರೆ ಬ್ರೌಸರಿನಲ್ಲಿ ಕಾಣುವ ಪುಟಗಳನ್ನೇ ಇಳಿಸಿಕೊಂಡು ಬೇಕಾದ ಭಾಗ ಹೆಕ್ಕಬೇಕು. ಈ ಕೊನೆಯದು ಸ್ವಂತ ಸೈಟಿಗೋ ಒಡೆಯರ ಒಪ್ಪಿಗೆ ಇರುವ ಸೈಟಿಗೋ ಮಾತ್ರ.

ಎಪಿಐ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವರ್ಡ್‌ಪ್ರೆಸ್‌ನಲ್ಲಿ ಲೇಖನಗಳನ್ನು ಕೊಡುವ ರೆಸ್ಟ್ ಎಪಿಐ 2016ರ ಡಿಸೆಂಬರಿನಲ್ಲಿ, 4.7ನೇ ಆವೃತ್ತಿಯೊಂದಿಗೆ ಮೂಲ ತಂತ್ರಾಂಶದ ಭಾಗವಾಯಿತು. ಒಂದು ಸಲಕ್ಕೆ ಹೆಚ್ಚೆಂದರೆ 100 ಲೇಖನ ಕೊಡುತ್ತದೆ, ಒಟ್ಟು ಎಷ್ಟು ಪುಟಗಳಿವೆ ಎಂಬುದನ್ನು ಉತ್ತರದ ಹೆಡರಿನಲ್ಲಿ (ಉತ್ತರದ ಜೊತೆ ಬರುವ ಮಾಹಿತಿಯ ಭಾಗ) ತಿಳಿಸುತ್ತದೆ. 3,217 ಲೇಖನಗಳಿದ್ದರೆ 33 ಸಲ ಕೇಳಿದರೆ ಮುಗಿಯಿತು. ಇಷ್ಟು ಸುಲಭ ಅನ್ನಿಸುವಾಗಲೇ ಎರಡು ವಿಷಯ ಕಣ್ಣು ತಪ್ಪಿಸುತ್ತವೆ. ಲಾಗಿನ್ ಇಲ್ಲದೆ ಕೇಳಿದರೆ ಪ್ರಕಟವಾದ ಲೇಖನಗಳಷ್ಟೇ ಬರುತ್ತವೆ, ಕರಡುಗಳು ಬರುವುದಿಲ್ಲ. ಬರುವ ಬರಹವೂ ಲೇಖಕರು ಬರೆದ ಮೂಲವಲ್ಲ, ಶಾರ್ಟ್‌ಕೋಡುಗಳೆಲ್ಲ (ಬರಹದ ನಡುವೆ ಹಾಕುವ ಚಿಕ್ಕ ಸಂಕೇತಗಳು) ಎಚ್‌ಟಿಎಂಎಲ್ ಆಗಿ ಬದಲಾದ ಮೇಲಿನ ರೂಪ. ಮೂಲ ಬೇಕಿದ್ದರೆ ಲಾಗಿನ್ ಆಗಿ, ಎಡಿಟ್ ಮಾಡಲು ಬೇಕು ಎಂದು ಬಿಡಿಸಿ ಕೇಳಬೇಕು.

ಇನ್ನೊಂದು ತೊಡಕು ಪುಟಗಳ ಎಣಿಕೆಯದು. ಹೊಸ ಲೇಖನ ಮೊದಲು ಎಂಬ ಕ್ರಮದಲ್ಲಿ ನಾಲ್ಕನೇ ಪುಟ ಪಡೆದಿದ್ದೀರಿ. ಅಷ್ಟರಲ್ಲಿ ಯಾರೋ ಒಂದು ಹೊಸ ಲೇಖನ ಪ್ರಕಟಿಸಿದರು. ಎಲ್ಲವೂ ಒಂದು ಸ್ಥಾನ ಕೆಳಗೆ ಜಾರುತ್ತವೆ, ನಾಲ್ಕನೇ ಪುಟದ ಕೊನೆಯ ಲೇಖನ ಐದನೇ ಪುಟದ ಮೊದಲಿಗೆ ಮತ್ತೆ ಬರುತ್ತದೆ. ಅದು ಹೋಗಲಿ, ಎರಡು ಸಲ ಬಂದದ್ದನ್ನು ಐಡಿ (ಪ್ರತಿ ಲೇಖನಕ್ಕೂ ಇರುವ ಗುರುತಿನ ಸಂಖ್ಯೆ) ನೋಡಿ ಹಿಡಿಯಬಹುದು. ಯಾರಾದರೂ ಒಂದು ಲೇಖನ ಅಳಿಸಿದ್ದರೆ? ಆಗ ಎಲ್ಲವೂ ಮೇಲಕ್ಕೆ ಜರುಗುತ್ತವೆ, ಐದನೇ ಪುಟದ ಮೊದಲಿಗೆ ಬರಬೇಕಿದ್ದ ಲೇಖನ ನೀವಾಗಲೇ ದಾಟಿ ಬಂದ ನಾಲ್ಕನೇ ಪುಟಕ್ಕೆ ಹೋಗಿರುತ್ತದೆ. ಅದು ನಿಮ್ಮ ಫೈಲಿಗೆ ಬರುವುದೇ ಇಲ್ಲ, ಯಾವ ದೋಷದ ಸಂದೇಶವೂ ಕಾಣುವುದಿಲ್ಲ. ಐಡಿ ಏರುವ ಕ್ರಮದಲ್ಲಿ ಕೇಳಿದರೆ ಹೊಸದೆಲ್ಲ ಕೊನೆಗೆ ಸೇರಿಕೊಳ್ಳುವುದರಿಂದ ಅರ್ಧ ತೊಂದರೆ ತಪ್ಪುತ್ತದೆ. ಡೇಟಾಬೇಸಿನಿಂದ ನೇರ ಓದುವಾಗ ‘ಐದನೇ ಪುಟ ಕೊಡು’ ಎನ್ನುವ ಬದಲು ‘ಕೊನೆಗೆ ನೋಡಿದ ಐಡಿಗಿಂತ ದೊಡ್ಡದಾದ ಮುಂದಿನ ನೂರು ಕೊಡು’ ಎಂದರೆ ಪೂರ್ತಿ ತಪ್ಪುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ತೆಗೆಯುವಷ್ಟು ಹೊತ್ತು ಸೈಟಿನಲ್ಲಿ ಯಾರೂ ಬದಲಾವಣೆ ಮಾಡದಂತೆ ನೋಡಿಕೊಳ್ಳುವುದು.

ಸರ್ವರು 429 ಎಂಬ ಉತ್ತರ ಕೊಟ್ಟರೆ ‘ತುಂಬ ಬೇಗ ಬೇಗ ಕೇಳುತ್ತಿದ್ದೀರಿ’ ಎಂದರ್ಥ. ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ಎಷ್ಟೋ ಸಲ ಅದೇ ಉತ್ತರದಲ್ಲಿ ಹೇಳಿರುತ್ತದೆ. ಅಷ್ಟು ಕಾಯುವುದು ಸ್ಕ್ರಿಪ್ಟಿಗೆ ಗೊತ್ತಿರಬೇಕು.

ಫೈಲಿನ ರೂಪ

ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾಲುಗಳು, ಅದರಲ್ಲೇನಿದೆ ಎಂದುಕೊಂಡು ಅನೇಕರು ಪ್ರತಿ ಸಾಲನ್ನೂ ಅಲ್ಪವಿರಾಮ ಸಿಕ್ಕಲ್ಲಿ ಕತ್ತರಿಸುವ ಕೋಡು ಬರೆಯುತ್ತಾರೆ. ಈ ಸಾಲನ್ನು ನೋಡಿ:

417,"ಮಳೆ, ಗಾಳಿ ಮತ್ತು ""ಗುಡುಗು""",2019-07-04

ಇಲ್ಲಿರುವುದು ಮೂರೇ ಕಾಲಂ: ಐಡಿ, ಶೀರ್ಷಿಕೆ, ದಿನಾಂಕ. ಶೀರ್ಷಿಕೆಯೊಳಗೆ ಅಲ್ಪವಿರಾಮ ಇರುವುದರಿಂದ ಅದರ ಸುತ್ತ ಉದ್ಧರಣ ಚಿಹ್ನೆ ಬಂದಿದೆ. ಶೀರ್ಷಿಕೆಯಲ್ಲೇ ಉದ್ಧರಣ ಚಿಹ್ನೆ ಇರುವ ಕಡೆ ಅದನ್ನು ಎರಡು ಸಲ ಬರೆಯಲಾಗಿದೆ. ಅಲ್ಪವಿರಾಮಕ್ಕೆ ಕತ್ತರಿಸುವ ಕೋಡಿಗೆ ಇದು ನಾಲ್ಕು ಕಾಲಂ. ಲೇಖನದ ಒಡಲಿನಲ್ಲಂತೂ ಹೊಸ ಸಾಲುಗಳೂ ಇರುತ್ತವೆ. ಉದ್ಧರಣ ಚಿಹ್ನೆಯೊಳಗೆ ಅದಕ್ಕೂ ಅವಕಾಶ ಇರುವುದರಿಂದ ಫೈಲಿನ ಸಾಲುಗಳನ್ನು ಎಣಿಸಿ ‘ಇಷ್ಟು ಲೇಖನ’ ಎನ್ನುವಂತೆಯೂ ಇಲ್ಲ. ಈ ನಿಯಮಗಳನ್ನು 2005ರ ಆರ್‌ಎಫ್‌ಸಿ 4180 ಎಂಬ ದಾಖಲೆ ಬರೆದಿಟ್ಟಿದೆ. ಅವನ್ನು ನಾವು ಮತ್ತೆ ಕೋಡು ಮಾಡಬೇಕಿಲ್ಲ, ಭಾಷೆಯ ಜೊತೆ ಬರುವ ಸಿಎಸ್‌ವಿ ಲೈಬ್ರರಿ ಬಳಸಿದರೆ ಸಾಕು.

ಲೇಖನದಂಥ ಉದ್ದ ಬರಹಕ್ಕೆ ನನ್ನ ಒಲವು ಪ್ರತಿ ಮಾಹಿತಿಯನ್ನೂ ಅದರ ಹೆಸರಿನ ಜೊತೆ ಆವರಣದೊಳಗೆ ಬರೆಯುವ ಜೇಸನ್ ಕಡೆಗೆ, ಅದರಲ್ಲೂ ಒಂದು ಸಾಲಿಗೆ ಒಂದು ದಾಖಲೆ ಎಂಬ ರೂಪಕ್ಕೆ. ಇಡೀ ಫೈಲು ಒಂದೇ ದೊಡ್ಡ ಪಟ್ಟಿಯಾಗಿದ್ದರೆ ನಡುವೆ ಕರೆಂಟು ಹೋದಾಗ ಮುಚ್ಚುವ ಆವರಣ ಬೀಳದೆ ಉಳಿದು ಏನನ್ನೂ ಓದಲಾಗುವುದಿಲ್ಲ. ಸಾಲಿಗೊಂದರಂತೆ ಇದ್ದರೆ ಕೊನೆಯ ಸಾಲು ಮಾತ್ರ ಹಾಳು. ಇಡೀ ಫೈಲನ್ನು ಮೆಮೊರಿಗೆ ತುಂಬಿಕೊಳ್ಳದೆ ಒಂದೊಂದೇ ಸಾಲು ಓದುತ್ತ ಹೋಗಬಹುದು ಎಂಬುದು ಮತ್ತೊಂದು ಅನುಕೂಲ.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ‘ಸುಮ್ಮನೆ ನೋಡಿ’ ಸೇವ್ ಮಾಡುವ ಅಭ್ಯಾಸ ಎಷ್ಟು ಅಪಾಯದ್ದು ಎಂದು ಎಷ್ಟು ಹೇಳಿದರೂ ಸಾಲದು. ಸಂಖ್ಯೆಯ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. 15 ಅಂಕಿಗಿಂತ ಉದ್ದದ ಸಂಖ್ಯೆಯಲ್ಲಿ ಆಮೇಲಿನ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. ದಿನಾಂಕದಂತೆ ಕಾಣುವುದೆಲ್ಲ ದಿನಾಂಕವಾಗಿಬಿಡುತ್ತದೆ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಇದೇ ಕಾಟಕ್ಕೆ 2020ರಲ್ಲಿ ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳನ್ನೇ ಬದಲಿಸಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಪ್ರಯೋಗಾಲಯಗಳಿಂದ ಸಿಎಸ್‌ವಿಯಾಗಿ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ರೂಪದ ಫೈಲಿಗೆ ತುಂಬಿಸುತ್ತಿದ್ದರು. ಆ ರೂಪಕ್ಕೆ 65,536 ಸಾಲುಗಳ ಮಿತಿ ಇದೆ. ಮಿತಿ ಮೀರಿದ್ದು ಸದ್ದಿಲ್ಲದೆ ಹೊರಗುಳಿದು, 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಬರದೇ ಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ತುಂಬಿದ ಮೇಲೆ ‘ಬಂದದ್ದೆಷ್ಟು, ಒಳಗೆ ಹೋದದ್ದೆಷ್ಟು’ ಎಂದು ಹೋಲಿಸುವ ಒಂದು ಸಾಲಿನ ಕೋಡು ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅಕ್ಷರಗಳ ಸಂಗತಿ

ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟುಗಳಾಗಿ ಇಡುವ ಪದ್ಧತಿಗೆ ಎನ್‌ಕೋಡಿಂಗ್ ಎನ್ನುತ್ತಾರೆ. ಅಂಥದೊಂದಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂಬ ಐದು ಚಿಹ್ನೆಗಳಿವೆ, ಅಂದರೆ 15 ಬೈಟ್. ಫೈಲನ್ನು ತೆರೆಯುವಾಗ ಯಾವ ಎನ್‌ಕೋಡಿಂಗ್ ಎಂದು ಹೇಳದೆ ಬಿಟ್ಟರೆ ಕೆಲವು ಕಂಪ್ಯೂಟರುಗಳು ಪ್ರತಿ ಬೈಟನ್ನೂ ಒಂದೊಂದು ಪಾಶ್ಚಾತ್ಯ ಅಕ್ಷರ ಎಂದು ಓದುತ್ತವೆ, ಒಂದು ‘ಕ’ ಇದ್ದ ಜಾಗದಲ್ಲಿ ಅರ್ಥವಿಲ್ಲದ ಮೂರು ಗುರುತು ಬೀಳುತ್ತವೆ. ಆದ್ದರಿಂದ ಓದುವಾಗ, ಬರೆಯುವಾಗ, ಡೇಟಾಬೇಸಿಗೆ ಸಂಪರ್ಕ ಕೊಡುವಾಗ, ಮೂರೂ ಕಡೆ ಯುಟಿಎಫ್-8 ಎಂದು ಬರೆದೇ ತೋರಿಸಿ.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಒಂದು ಹಳೆಯ ಹಳ್ಳ ಇದೆ. ಅದರಲ್ಲಿ ‘ಯುಟಿಎಫ್8’ ಎಂಬ ಹೆಸರಿನ ಎನ್‌ಕೋಡಿಂಗ್‌ಗೆ ಒಂದು ಚಿಹ್ನೆಗೆ ಮೂರು ಬೈಟಿನ ತನಕ ಮಾತ್ರ ಜಾಗ. ಕನ್ನಡ ಅದರಲ್ಲಿ ಸರಿಯಾಗಿ ಹಿಡಿಸುತ್ತದೆ, ಹಾಗಾಗಿ ಪರೀಕ್ಷೆಗೆ ಹಾಕಿದ ಕನ್ನಡ ಲೇಖನಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಯಾವನೋ ಓದುಗ ಪ್ರತಿಕ್ರಿಯೆಯ ನಡುವೆ ಒಂದು ಎಮೋಜಿ ಹಾಕಿರುತ್ತಾನೆ, ಅದಕ್ಕೆ ನಾಲ್ಕು ಬೈಟ್ ಬೇಕು. ಡೇಟಾಬೇಸು ಕಟ್ಟುನಿಟ್ಟಾದ ಮೋಡಿನಲ್ಲಿದ್ದರೆ ಆ ದಾಖಲೆಯನ್ನೇ ತಿರಸ್ಕರಿಸುತ್ತದೆ. ಸಡಿಲ ಮೋಡಿನಲ್ಲಿದ್ದರೆ ಎಮೋಜಿಯಿಂದ ಆಚೆಗಿನ ಬರಹವನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಪೂರ್ಣ ರೂಪದ ‘ಯುಟಿಎಫ್8ಎಂಬಿ4’ 2010ರಲ್ಲೇ ಬಂದಿದೆ, ಟೇಬಲ್‌ಗಳು ಅದರಲ್ಲೇ ಇರಲಿ.

ಕನ್ನಡ ಡೇಟಾದೊಂದಿಗೆ ಕೆಲಸ ಮಾಡುವವರು ಇನ್ನೂ ಒಂದು ನೋಡಿಕೊಳ್ಳಬೇಕು. ‘ಕೋ’ ಎಂಬುದನ್ನು ಕ ಜೊತೆ ಓತ್ವದ ದೀರ್ಘದ ಒಂದೇ ಚಿಹ್ನೆಯಾಗಿ ಬರೆಯಬಹುದು, ಅದೇ ಸ್ವರಚಿಹ್ನೆಯನ್ನು ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಸೈಟಿನ ‘ಕೋಟೆ’ ವರ್ಗ ಹೊಸ ಸೈಟಿನಲ್ಲಿ ಆಗಲೇ ಇದೆಯೇ ಎಂದು ಹೆಸರು ಹೋಲಿಸಿ ನೋಡುವ ಸ್ಕ್ರಿಪ್ಟು ‘ಇಲ್ಲ’ ಎಂದು ತಿಳಿದು ಇನ್ನೊಂದು ‘ಕೋಟೆ’ ಮಾಡಿಬಿಡುತ್ತದೆ. ಅಕ್ಷರಗಳು ಕೂಡುವುದನ್ನೋ ಬಿಡುವುದನ್ನೋ ತಿಳಿಸುವ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳೂ ಹೀಗೇ ಕಾಡುತ್ತವೆ. ಹೋಲಿಸುವ ಮುಂಚೆ ಎರಡೂ ಕಡೆಯ ಪಠ್ಯವನ್ನು ಯುನಿಕೋಡಿನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಪೈಥಾನ್‌ನಲ್ಲಿ ಅದಕ್ಕೆ ಒಂದು ಸಾಲು ಸಾಕು. ಜೋಡಕ ಚಿಹ್ನೆಗಳನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೋಲಿಕೆಗೆಂದು ಮಾಡಿಕೊಂಡ ಪ್ರತಿಯಿಂದ ಅವನ್ನು ನಾವೇ ತೆಗೆಯಬೇಕು, ಮೂಲ ಪಠ್ಯದಲ್ಲಿ ಹಾಗೇ ಬಿಡಬೇಕು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಟ್ಟ ಪಠ್ಯವಾದರೆ ಅದಕ್ಕೂ ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಅಲ್ಲಿ ಒತ್ತಕ್ಷರ, ಅರ್ಕಾವತ್ತುಗಳ ಕ್ರಮವೇ ಬೇರೆ ಇರುವುದರಿಂದ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಆಗುವುದಿಲ್ಲ, ಅದಕ್ಕೆಂದೇ ಇರುವ ಪರಿವರ್ತಕ ಬಳಸಿ.

ಬೈಟುಗಳ ಲೆಕ್ಕ ಇನ್ನೊಂದು ಕಡೆಯೂ ಬರುತ್ತದೆ. ವರ್ಡ್‌ಪ್ರೆಸ್ ಹಲವು ಸೆಟ್ಟಿಂಗುಗಳನ್ನು ಪಿಎಚ್‌ಪಿಯ ಸೀರಿಯಲೈಸ್ಡ್ (ಹಲವು ಮಾಹಿತಿಗಳನ್ನು ಒಂದೇ ಪಠ್ಯವಾಗಿ ಹೆಣೆದ) ರೂಪದಲ್ಲಿ ಇಡುತ್ತದೆ. ಅದರಲ್ಲಿ ಪ್ರತಿ ಪಠ್ಯದ ಪಕ್ಕದಲ್ಲೇ ಅದರ ಉದ್ದ ಎಷ್ಟು ಬೈಟ್ ಎಂದು ಬರೆದಿರುತ್ತದೆ. ಡೇಟಾಬೇಸಿನ ಎಕ್ಸ್‌ಪೋರ್ಟ್ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಎಲ್ಲ ಕಡೆ ‘ಎಚ್‌ಟಿಟಿಪಿ’ಯನ್ನು ‘ಎಚ್‌ಟಿಟಿಪಿಎಸ್’ ಮಾಡಿದರೆ ಪಠ್ಯ ಒಂದು ಬೈಟ್ ಉದ್ದವಾಗುತ್ತದೆ, ಪಕ್ಕದ ಸಂಖ್ಯೆ ಹಳೆಯದೇ ಉಳಿಯುತ್ತದೆ. ಲೆಕ್ಕ ತಾಳೆಯಾಗದ್ದರಿಂದ ಪಿಎಚ್‌ಪಿ ಆ ಇಡೀ ಸೆಟ್ಟಿಂಗನ್ನೇ ಓದಲು ಒಪ್ಪುವುದಿಲ್ಲ. ವರ್ಡ್‌ಪ್ರೆಸ್‌ನ ಕಮಾಂಡ್‌ಲೈನ್ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐಯಲ್ಲಿ ಇದನ್ನು ಅರಿತು ಬದಲಾಯಿಸುವ ಆಜ್ಞೆ ಇದೆ. ಇಂಥ ಸಾಧನ ಆಗಲೇ ಇರುವ ಕಡೆ ನಾವು ಹೊಸದಾಗಿ ಬರೆಯಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತುಂಬುವಾಗ

ಹಳೆಯ ಸೈಟಿನಲ್ಲಿ 417 ಎಂಬ ಐಡಿ ಇದ್ದ ಲೇಖನಕ್ಕೆ ಹೊಸ ಸೈಟು 92 ಎಂಬ ಐಡಿ ಕೊಡುತ್ತದೆ. ಆ ಲೇಖನದ ಪ್ರತಿಕ್ರಿಯೆಗಳೆಲ್ಲ 417ನ್ನು ಹೆಸರಿಸುತ್ತವೆ. ಲೇಖಕರ ಐಡಿ, ವರ್ಗದ ಐಡಿ, ಚಿತ್ರದ ಐಡಿ, ಎಲ್ಲದರ ಪಾಡೂ ಇದೇ. ಆದ್ದರಿಂದ ಇಂಪೋರ್ಟಿನ, ಅಂದರೆ ತುಂಬುವ ಕೆಲಸದ, ಹೃದಯ ಎಂದರೆ ಹಳೆಯ ಐಡಿ, ಹೊಸ ಐಡಿಗಳ ಜೋಡಣೆಯ ಪಟ್ಟಿ. ತುಂಬುವ ಕ್ರಮವೂ ಅದರಿಂದಲೇ ತೀರ್ಮಾನವಾಗುತ್ತದೆ: ಯಾರನ್ನೂ ಅವಲಂಬಿಸದ ಲೇಖಕರು, ವರ್ಗಗಳು ಮೊದಲು, ಆಮೇಲೆ ಚಿತ್ರಗಳು, ಆಮೇಲೆ ಲೇಖನ, ಕೊನೆಗೆ ಪ್ರತಿಕ್ರಿಯೆ. ಪ್ರತಿಕ್ರಿಯೆಗೆ ಬಂದ ಮರುಪ್ರತಿಕ್ರಿಯೆ ಕೆಲವೊಮ್ಮೆ ಫೈಲಿನಲ್ಲಿ ಮೂಲಕ್ಕಿಂತ ಮುಂಚೆ ಬಂದಿರುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ತುಂಬಿ, ಎರಡನೇ ಸುತ್ತಿನಲ್ಲಿ ಯಾವುದು ಯಾವುದಕ್ಕೆ ಉತ್ತರ ಎಂಬ ನಂಟು ಕಟ್ಟಿದರೆ ಈ ತೊಡಕು ಇಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1,840ನೇ ಲೇಖನದ ಹೊತ್ತಿಗೆ ನೆಟ್‌ವರ್ಕ್ ಕಡಿದು ಸ್ಕ್ರಿಪ್ಟು ನಿಂತಿತು. ಮತ್ತೆ ಓಡಿಸಿದರೆ? ‘ಓದು, ಸೇರಿಸು’ ಎಂದಷ್ಟೇ ಬರೆದ ಸ್ಕ್ರಿಪ್ಟು ಮೊದಲ 1,839ನ್ನು ಇನ್ನೊಮ್ಮೆ ಸೇರಿಸುತ್ತದೆ. 1,840ನೆಯದರಿಂದ ಶುರು ಮಾಡೋಣ ಎಂದರೆ ಆ ಲೇಖನವೇ ಸೇರಿದೆಯೋ ಇಲ್ಲವೋ ತಿಳಿಯದು. ಕಳಿಸಿದ್ದು ಸರ್ವರಿಗೆ ತಲುಪಿ, ಉತ್ತರ ಬರುವಷ್ಟರಲ್ಲಿ ಸಂಪರ್ಕ ಕಡಿದಿರಬಹುದು. ನಮ್ಮ ಕಡೆ ಇಟ್ಟುಕೊಂಡ ಪಟ್ಟಿಯಲ್ಲಿ ಅದು ಇರುವುದಿಲ್ಲ, ಆಚೆ ಕಡೆ ಇರುತ್ತದೆ.

ಪರಿಹಾರ ಬಲು ಸರಳ. ಹೊಸ ಸೈಟಿನ ಪ್ರತಿ ದಾಖಲೆಯಲ್ಲೂ ‘ಹಳೆಯ ಐಡಿ’ ಎಂಬ ಒಂದು ಹೆಚ್ಚಿನ ಕ್ಷೇತ್ರ ಇಡಿ. ಸ್ಕ್ರಿಪ್ಟು ಪ್ರತಿ ಲೇಖನಕ್ಕೂ ಮೊದಲು ಕೇಳಲಿ: ಹಳೆಯ ಐಡಿ 417 ಇರುವ ಲೇಖನ ಇಲ್ಲಿದೆಯೇ? ಇಲ್ಲದಿದ್ದರೆ ಸೇರಿಸು. ಇದ್ದು, ಏನೂ ಬದಲಾಗಿಲ್ಲದಿದ್ದರೆ ಬಿಟ್ಟು ಮುಂದೆ ಹೋಗು. ಇದ್ದು, ಬದಲಾಗಿದ್ದರೆ ಅದನ್ನೇ ತಿದ್ದು. ಇಷ್ಟು ಮಾಡಿದ ಮೇಲೆ ಸ್ಕ್ರಿಪ್ಟನ್ನು ಎಷ್ಟು ಸಲ ಓಡಿಸಿದರೂ ಕೊನೆಯ ಸ್ಥಿತಿ ಒಂದೇ. ನೇರ ಡೇಟಾಬೇಸಿಗೆ ಬರೆಯುವಾಗ ಆ ಕ್ಷೇತ್ರದ ಮೇಲೆ ‘ಯುನೀಕ್’ (ಒಂದು ಬೆಲೆ ಒಂದೇ ಸಲ ಬರಬೇಕು) ಎಂಬ ನಿರ್ಬಂಧ ಹಾಕಿದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಡೇಟಾಬೇಸುಗಳೆರಡೂ ‘ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು’ ಎಂಬುದನ್ನು ಒಂದೇ ಆಜ್ಞೆಯಲ್ಲಿ ಮಾಡಿಕೊಡುತ್ತವೆ. ಇದರಿಂದ ಸಿಗುವ ನಿರಾಳ ಅಷ್ಟಿಷ್ಟಲ್ಲ. ತಪ್ಪು ಕಂಡಾಗ ಕೈಯಾರೆ ಹೊಸ ಸೈಟಿನಲ್ಲಿ ತಿದ್ದಲು ಹೋಗಬೇಕಿಲ್ಲ, ತಿದ್ದುವ ಸ್ಕ್ರಿಪ್ಟನ್ನು ಸರಿಮಾಡಿ ಮತ್ತೆ ಓಡಿಸಿದರಾಯಿತು. ಸ್ಥಳಾಂತರದ ದಿನಕ್ಕೆ ಒಂದು ವಾರ ಮುಂಚೆಯೇ ಎಲ್ಲವನ್ನೂ ತುಂಬಿ, ಆ ದಿನ ನಡುವೆ ಬಂದ ಹೊಸ ಲೇಖನಗಳಿಗಾಗಿ ಇನ್ನೊಮ್ಮೆ ಓಡಿಸಬಹುದು.

ಓಡಿಸುವ ಮುಂಚೆ ‘ಏನು ಮಾಡುತ್ತೇನೆ ಎಂದು ಹೇಳು, ಮಾಡಬೇಡ’ ಎಂಬ ಒಂದು ಆಯ್ಕೆ ಸ್ಕ್ರಿಪ್ಟಿನಲ್ಲಿ ಇರಲಿ. ‘2,950 ಹೊಸದು, 260 ಬದಲಾವಣೆ, 7 ತಿರಸ್ಕೃತ’ ಎಂದು ಅದು ಹೇಳಿದರೆ ಆ ಏಳನ್ನು ಮೊದಲು ನೋಡಿ. ಪರೀಕ್ಷೆಗೆ ಮೊದಲ ಹತ್ತು ಲೇಖನ ಆರಿಸಿಕೊಂಡರೆ ಪ್ರಯೋಜನ ಕಡಿಮೆ. ಅತಿ ಉದ್ದದ್ದು, ಶೀರ್ಷಿಕೆಯೇ ಇಲ್ಲದ್ದು, ಲೇಖಕರ ಖಾತೆ ಅಳಿಸಿಹೋದದ್ದು, ಎಮೋಜಿ ಇರುವುದು, ಟೇಬಲ್ ಇರುವುದು, ಅತಿ ಹಳೆಯದು, ಹೀಗೆ ಹಟಮಾರಿಗಳನ್ನೇ ಹುಡುಕಿ ಹಾಕಿ. ಹೊಸ ಲೇಖನ ಬಂದಾಗ ಚಂದಾದಾರರಿಗೆ ಇಮೇಲ್ ಹೋಗುವ ವ್ಯವಸ್ಥೆ ಇದ್ದರೆ ತುಂಬುವ ಮುನ್ನ ಅದನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ಹತ್ತು ವರ್ಷದ ಲೇಖನಗಳೆಲ್ಲ ಒಂದೇ ರಾತ್ರಿ ಅವರ ಇನ್‌ಬಾಕ್ಸಿಗೆ ಹೋಗುತ್ತವೆ. ದಿನಾಂಕಗಳನ್ನು ಫೈಲಿನಲ್ಲಿ ವರ್ಷ-ತಿಂಗಳು-ದಿನ ಕ್ರಮದಲ್ಲಿ, ಯಾವ ಕಾಲವಲಯ ಎಂಬುದರ ಸಹಿತ ಬರೆದಿಡಿ.

ಬಳಕೆದಾರರ ಪಾಸ್‌ವರ್ಡುಗಳು ಸರಿಯಾಗಿ ಕಟ್ಟಿದ ಸೈಟಿನಲ್ಲಿ ಹ್ಯಾಶ್ ರೂಪದಲ್ಲಿರುತ್ತವೆ, ಅವುಗಳಿಂದ ಮೂಲ ಪಾಸ್‌ವರ್ಡನ್ನು ಮರಳಿ ಪಡೆಯಲಾಗುವುದಿಲ್ಲ. ಹೊಸ ಸೈಟಿಗೂ ಅದೇ ಹ್ಯಾಶ್ ವಿಧಾನ ತಿಳಿದಿದ್ದರೆ ಹಾಗೇ ಸಾಗಿಸಬಹುದು. ಇಲ್ಲದಿದ್ದರೆ ಎಲ್ಲರಿಗೂ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳುವುದೇ ದಾರಿ.

ತುಂಬಿ ಮುಗಿದ ಮೇಲೆ ತಾಳೆ ನೋಡುವುದು. ಒಟ್ಟು ಸಂಖ್ಯೆ ಸರಿಯಿದೆ ಎಂಬುದು ಸಾಲದು, ವರ್ಷವಾರು ಮತ್ತು ವರ್ಗವಾರು ಎಣಿಸಿ. ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ವಿಧಾನದಲ್ಲಿ: ಹೊಸ ಸೈಟಿನಿಂದ ಅದೇ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ, ಹಳೆಯ ಐಡಿಯ ಕ್ರಮದಲ್ಲಿ ಜೋಡಿಸಿ, ತಿದ್ದಿದ ಫೈಲಿನೊಂದಿಗೆ ಸಾಲು ಸಾಲಾಗಿ ಹೋಲಿಸುವುದು. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಏನೋ ಕಳೆದುಹೋಗಿದೆ ಅಥವಾ ಹೊಸ ಸೈಟು ತಾನಾಗಿ ಏನನ್ನೋ ಬದಲಿಸಿದೆ.

ಉಳಿದದ್ದು ಹಳೆಯ ಕೊಂಡಿಗಳು. ಹುಡುಕಾಟದಿಂದ, ಬೇರೆ ಸೈಟುಗಳಿಂದ ಬರುವವರು ಹಳೆಯ ವಿಳಾಸಕ್ಕೇ ಬರುತ್ತಾರೆ. ಐಡಿಗಳ ಜೋಡಣೆ ಪಟ್ಟಿಗೆ ಹಳೆಯ ಮತ್ತು ಹೊಸ ಯುಆರ್‌ಎಲ್‌ಗಳನ್ನೂ ಸೇರಿಸಿದ್ದರೆ ಅದರಿಂದಲೇ 301 ಮರುನಿರ್ದೇಶನಗಳ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೂಚನೆಗಳ) ಪಟ್ಟಿ ಹುಟ್ಟಿಸಲು ಹತ್ತು ಸಾಲಿನ ಕೋಡು ಸಾಕು. ಲೇಖನಗಳ ಒಳಗೇ ಒಂದರಿಂದ ಇನ್ನೊಂದಕ್ಕೆ ಕೊಟ್ಟ ಕೊಂಡಿಗಳನ್ನು ಬದಲಿಸುವುದಕ್ಕೂ ಇದೇ ಪಟ್ಟಿ.

ಆ ಪಟ್ಟಿಯನ್ನು ಉಳಿಸಿಕೊಳ್ಳಿ. ಬಳಕೆದಾರರ ಹೆಸರು, ಇಮೇಲ್ ವಿಳಾಸ ಇರುವ ಎಕ್ಸ್‌ಪೋರ್ಟ್ ಫೈಲುಗಳ ಮಾತು ಬೇರೆ. ಅವನ್ನು ಕೆಲಸ ನಡೆಯುವಾಗಲೂ ಸೈಟಿನ ಸಾರ್ವಜನಿಕ ಫೋಲ್ಡರಿನಲ್ಲಿ ಇಡಬಾರದು, ಹೆಸರು ಊಹಿಸಿದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಪಿಐ ಕೀ (ಎಪಿಐ ಬಳಸಲು ಸಿಕ್ಕ ಗುಪ್ತ ಸಂಕೇತ), ಡೇಟಾಬೇಸಿನ ಪಾಸ್‌ವರ್ಡು ಸ್ಕ್ರಿಪ್ಟಿನೊಳಗೆ ಬರೆಯದೆ ಹೊರಗಿನ ಸೆಟ್ಟಿಂಗಿನಲ್ಲಿ ಇದ್ದರೆ ಸ್ಕ್ರಿಪ್ಟನ್ನು ಇನ್ನೊಬ್ಬರಿಗೆ ಧೈರ್ಯವಾಗಿ ಕೊಡಬಹುದು. ಹೋಲಿಕೆ ಸರಿಬಂದು ಹೊಸ ಸೈಟು ನಡೆಯತೊಡಗಿದ ಮೇಲೆ ಆ ಕೀಗಳನ್ನು ರದ್ದು ಮಾಡಿ, ಸ್ಥಳಾಂತರಕ್ಕೆಂದೇ ತೆರೆದ ಅಡ್ಮಿನ್ ಖಾತೆ ಮುಚ್ಚಿ, ಲ್ಯಾಪ್‌ಟಾಪಿನಲ್ಲೂ ಸರ್ವರಿನಲ್ಲೂ ಉಳಿದ ಬಳಕೆದಾರರ ಫೈಲುಗಳನ್ನು ಅಳಿಸಿಹಾಕಿ.